ವಸ್ತಿ ಬಸ್ಸಿನ ಐದು ರಾತ್ರಿ

ನಮ್ಮೂರಿಗೆ ರಾತ್ರಿ ಎಂಟೂವರೆಗೆ ಒಂದು ಬಸ್ಸು ಬರುತ್ತದೆ. ಬಂದದ್ದು ಅವತ್ತು ವಾಪಸ್ ಹೋಗುವುದಿಲ್ಲ. ಅಂಗಡಿ ಎದುರಿನ ಹಲಸಿನ ಮರದ ಪಕ್ಕ ರಾತ್ರಿಯಿಡೀ ನಿಂತಿದ್ದು, ಬೆಳಿಗ್ಗೆ ಆರಕ್ಕೆ ಹಾಲಿನ ಕ್ಯಾನು, ಕಾಲೇಜು ಮಕ್ಕಳನ್ನು ತುಂಬಿಕೊಂಡು ಸಾಗರಕ್ಕೆ ಹೊರಡುತ್ತದೆ. ಡ್ರೈವರ್, ಕಂಡಕ್ಟರ್ ಇಬ್ಬರೂ ಬಸ್ಸಿನಲ್ಲೇ ಮಲಗುತ್ತಾರೆ. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವಸ್ತಿ ಬಸ್ಸು ಅಂದರೆ ಸಾಕು.

2020ರ ಲಾಕ್‌ಡೌನ್‌ನಲ್ಲಿ ಲ್ಯಾಪ್‌ಟಾಪ್ ಹಿಡಿದುಕೊಂಡು ಊರಿಗೆ ಬಂದ ನಾನು ಇಲ್ಲೇ ಉಳಿದುಬಿಟ್ಟೆ. ಆ ಬಸ್ಸಿನ ಲೈಟು ನಮ್ಮ ಅಡಿಕೆ ತೋಟದ ಮೇಲೆ ಹಾದು ಹೋಗುವುದನ್ನು ಎಷ್ಟು ರಾತ್ರಿ ನೋಡಿದ್ದೇನೋ ಲೆಕ್ಕವಿಲ್ಲ. ಅದರಲ್ಲಿ ಕಥೆ ಇದೆ ಅಂತ ಮಾತ್ರ ಅನ್ನಿಸಿರಲಿಲ್ಲ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯಿತು, ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ. ಅದಾಗಿ ಎರಡು ವಾರಕ್ಕೆ ಪಕ್ಕದ ಮನೆ ಅಜ್ಜಿ ಯಾರಿಗೂ ಹೇಳದೆ ಬೆಳಗಿನ ಬಸ್ಸು ಹತ್ತಿ ಸಾಗರಕ್ಕೆ ಹೋದರು. ಗಣಪತಿ ಕೆರೆ ನೋಡಿದರು. ಹೋಟೆಲಿನಲ್ಲಿ ಒಬ್ಬರೇ ಕೂತು ಮಸಾಲೆ ದೋಸೆ ತಿಂದರು. ರಾತ್ರಿ ವಸ್ತಿ ಬಸ್ಸಿಗೆ ವಾಪಸ್ ಬಂದರು. ಅಷ್ಟು ಹೊತ್ತಿಗೆ ಮನೆಯವರು ಬಾವಿಯನ್ನೂ ಇಣುಕಿ ನೋಡಿ ಆಗಿತ್ತು. ಇಳಿಯುವಾಗ ಅಜ್ಜಿ ಕಂಡಕ್ಟರ್ ಕೈಗೆ ಒಂದು ಪೊಟ್ಟಣ ಕೊಟ್ಟರು. ಅದರಲ್ಲೂ ದೋಸೆ.

ಅವತ್ತು ರಾತ್ರಿಯೇ ನನ್ನ ಗೆಳೆಯನಿಗೆ ಫೋನ್ ಮಾಡಿದೆ. ಅವನದು ಮದುವೆ ವಿಡಿಯೋ ಕೆಲಸ. ಸ್ವಂತ ಕ್ಯಾಮೆರಾ, ಎರಡು ಲೆನ್ಸು, ಒಂದು ಡ್ರೋನು ಇದೆ. "ಶಾರ್ಟ್ ಫಿಲ್ಮ್ ಮಾಡೋಣ ಮಾರಾಯ" ಅಂದೆ. "ಶಾರ್ಟ್ ಫಿಲ್ಮ್ ಯಾರು ನೋಡ್ತಾರೆ? ಸೀರೀಸ್ ಮಾಡೋಣ" ಅಂದ. ಆಗ ಇಬ್ಬರಿಗೂ ಸೀರೀಸ್ ಅಂದರೆ ಉದ್ದದ ಶಾರ್ಟ್ ಫಿಲ್ಮ್ ಅಂತಲೇ ತಿಳುವಳಿಕೆ.

ಮೂರು ತಿಂಗಳು ಕೂತು 70 ಪುಟ ಬರೆದೆ. ಒಂದು ಪುಟಕ್ಕೆ ಒಂದು ನಿಮಿಷ ಅನ್ನುವುದು ಚಿತ್ರಕಥೆ ಬರೆಯುವವರ ರೂಢಿಯ ಲೆಕ್ಕ. 14 ನಿಮಿಷದ ಐದು ಕಂತು ಅಂತ ಹಾಕಿಕೊಂಡೆ. ನಮ್ಮ ಕಡೆಯವರು ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ಎಲೆ ಅಡಿಕೆ ಹಾಕಿಕೊಳ್ಳುತ್ತಾರೆ ಅನ್ನುವುದು ಲೆಕ್ಕದಲ್ಲಿ ಇರಲಿಲ್ಲ. ಗಟ್ಟಿಯಾಗಿ ಓದಿ ನೋಡಿದಾಗ ಒಂದೊಂದು ಕಂತು 20 ನಿಮಿಷ ದಾಟಿತು.

ಅದಕ್ಕಿಂತ ದೊಡ್ಡ ತೊಂದರೆಯನ್ನು ತೋರಿಸಿದ್ದು ನಮ್ಮ ತಂಡದ ನಟಿ. ಹೆಗ್ಗೋಡಿನ ನೀನಾಸಮ್‌ನಲ್ಲಿ ಕಲಿತವಳು. ಕಥೆಯಲ್ಲಿ ಡ್ರೈವರ್, ಕಂಡಕ್ಟರ್‌ಗೆ ರಾತ್ರಿ ಊಟ ಕೊಡುವ ಮನೆಯಾಕೆಯ ಪಾತ್ರ ಅವಳದು. ಪೂರ್ತಿ ಓದಿ ಮಡಚಿಟ್ಟು, "ಇದು ಸಿನಿಮಾ. ಕತ್ತಿ ತಗೊಂಡು ಐದು ಹೋಳು ಮಾಡಿದೀಯ ಅಷ್ಟೆ. ಎರಡನೇ ಕಂತು ಮಾತ್ರ ನೋಡಿ ಮಲಗಿದವನಿಗೆ ಅವತ್ತು ಏನು ಸಿಕ್ತು?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಕಂತಿನ ಕೊನೆಯಲ್ಲಿ ಒಂದು ಕುತೂಹಲ ನೇತುಹಾಕಿದರೆ ಜನ ಮುಂದಿನದಕ್ಕೆ ಬರುತ್ತಾರೆ ಅಂತ ನಂಬಿಕೊಂಡಿದ್ದೆ. ಅದು ಅರ್ಧ ಸತ್ಯ. ಬಂದವರಿಗೆ ಈ ಕಂತಿನಲ್ಲೇ ಹೊಟ್ಟೆ ತುಂಬಬೇಕು. ಶಂಕರ್ ನಾಗ್ 1980ರ ದಶಕದಲ್ಲಿ ಆಗುಂಬೆಯ ದೊಡ್ಡಮನೆಯಲ್ಲಿ ಚಿತ್ರೀಕರಿಸಿದ ಮಾಲ್ಗುಡಿ ಡೇಸ್ ನೋಡಿ. ಅದೇ ಊರು, ಅದೇ ಬೀದಿ. ಆದರೆ ಯಾವ ಕಥೆಗೆ ಕೂತರೂ ಬರಿಗೈಯಲ್ಲಿ ಏಳುವುದಿಲ್ಲ.

ಮತ್ತೆ ಬರೆದೆ. ಒಂದು ಕಂತು ಅಂದರೆ ಒಂದು ರಾತ್ರಿ. ಎಂಟೂವರೆಗೆ ಬಸ್ಸು ಬರಬೇಕು, ಬೆಳಿಗ್ಗೆ ಆರಕ್ಕೆ ಹೋಗಬೇಕು, ಅವತ್ತಿನ ಗೋಳು ಅಷ್ಟರಲ್ಲಿ ಮುಗಿಯಬೇಕು. ಮೊದಲ ರಾತ್ರಿ ಕಂಡಕ್ಟರ್ ಲೆಕ್ಕದಲ್ಲಿ 500 ರೂಪಾಯಿ ಕಡಿಮೆ ಬರುತ್ತದೆ. ಎರಡನೇ ರಾತ್ರಿ ಹಿಂದಿನ ಸೀಟಿನಲ್ಲಿ ಈ ಊರಿನದಲ್ಲದ ಒಬ್ಬ ಹುಡುಗ ನಿದ್ದೆ ಹೋಗಿರುತ್ತಾನೆ. ಮೂರನೆಯದು ಅಜ್ಜಿಯ ದೋಸೆ. ಹೀಗೆ. ಇವೆಲ್ಲದರ ಹಿಂದೆ ಮುಗಿಯದ ಒಂದೇ ಒಂದು ಎಳೆ: ಈ ವಸ್ತಿ ನಿಲ್ಲಿಸುತ್ತಾರಂತೆ ಅನ್ನುವ ಸುದ್ದಿ.

ಸಂಭಾಷಣೆಗೆ ಊರಿನ ಒಬ್ಬ ನಿವೃತ್ತ ಡ್ರೈವರ್ ದೊಡ್ಡ ಆಸರೆ ಆದರು. ರಾತ್ರಿ ಹಣದ ಚೀಲ ಎಲ್ಲಿಟ್ಟುಕೊಂಡು ಮಲಗುತ್ತಾರೆ, ಟಿಕೆಟ್ ಲೆಕ್ಕದ ಹಾಳೆ ವೇಬಿಲ್ ಯಾವಾಗ ಬರೆಯುತ್ತಾರೆ, ಸೊಳ್ಳೆ ಪರದೆಯ ನಾಲ್ಕು ಮೂಲೆ ಎಲ್ಲೆಲ್ಲಿ ಕಟ್ಟುತ್ತಾರೆ, ಎಲ್ಲ ಹೇಳಿದರು. ಕೊನೆಗೆ ಡ್ರೈವರ್ ಪಾತ್ರವನ್ನೂ ಅವರಿಗೇ ಕೊಟ್ಟೆವು. ಅವರಿಗೆ ಅಭಿನಯ ಬರುವುದಿಲ್ಲ. ಸುಮ್ನೆ ಇರುವುದು ಚೆನ್ನಾಗಿ ಬರುತ್ತದೆ. ಕ್ಯಾಮೆರಾಕ್ಕೆ ಅಷ್ಟು ಸಾಕಿತ್ತು. ಕಂಡಕ್ಟರ್ ಪಾತ್ರದವನದು ಇದರ ಉಲ್ಟಾ ಕಥೆ. ಹವ್ಯಾಸಿ ಯಕ್ಷಗಾನ ಕಲಾವಿದ. "ಟಿಕೆಟ್" ಅಂದರೆ ಗುಡ್ಡದಾಚೆ ಕೇಳಬೇಕು. "ಮೈಕ್ ನಿಮ್ಮ ಶರ್ಟಿನ ಒಳಗೇ ಇದೆ" ಅಂತ ಪ್ರತಿ ಟೇಕಿಗೂ ನೆನಪಿಸಬೇಕಾಗಿತ್ತು.

ಇನ್ನು ಬಸ್ಸು. ಸರ್ಕಾರಿ ಬಸ್ಸಿನಲ್ಲಿ ಚಿತ್ರೀಕರಣ ಮಾಡಬೇಕಾದರೆ ಅನುಮತಿ ಬೇಕು, ದುಡ್ಡು ಕಟ್ಟಬೇಕು. ಎರಡಕ್ಕೂ ನಮ್ಮ ತಾಕತ್ತು ಸಾಲುವಂತಿರಲಿಲ್ಲ. ಖಾಸಗಿ ಬಸ್ಸಿಗೆ ಕೆಂಪು ಬಣ್ಣ ಬಳಿಯೋಣ ಅಂದ ಒಬ್ಬ ಮಹಾನುಭಾವ. ಒಂದು ವಾರ ತಲೆ ಕೆಡಿಸಿಕೊಂಡ ಮೇಲೆ ಬಸ್ಸನ್ನು ತೋರಿಸುವುದೇ ಬೇಡ ಅಂತ ತೀರ್ಮಾನವಾಯಿತು. ತಿರುವಿನಲ್ಲಿ ಬರುವ ಇಂಜಿನ್ನಿನ ಸದ್ದು, ಅಡಿಕೆ ಮರಗಳ ಮೇಲೆ ಓಡುವ ಬೆಳಕು, ಬ್ರೇಕು ಬಿಟ್ಟಾಗಿನ ಗಾಳಿಯ ಉಸ್ಸು, ಬಾಗಿಲ ಬಡಿತ. ಅಷ್ಟೆ. ಒಳಗಿನ ದೃಶ್ಯಗಳಿಗೆ ಗ್ಯಾರೇಜಿನಲ್ಲಿ ಬಿದ್ದಿದ್ದ ಹಳೆಯ ಖಾಸಗಿ ಬಸ್ಸಿನ ಎರಡು ಸೀಟು ಬಿಚ್ಚಿ ತಂದು ನಮ್ಮ ಕೊಟ್ಟಿಗೆ ಪಕ್ಕದ ಕೋಣೆಯಲ್ಲಿ ಕೂರಿಸಿದೆವು. ಈಗ ನೋಡಿದವರು ಹೆಚ್ಚಾಗಿ ಹೊಗಳುವುದು ಇದನ್ನೇ. ಬುದ್ಧಿವಂತಿಕೆ ಅಂದುಕೊಂಡಿದ್ದಾರೆ. ದುಡ್ಡಿರಲಿಲ್ಲ ಅಷ್ಟೇ.

ಚಿತ್ರೀಕರಣ ಯಾವಾಗ ಅನ್ನುವ ಪ್ರಶ್ನೆ ಬಂದಾಗ ಗೋಡೆಯ ಕ್ಯಾಲೆಂಡರ್ ಇಳಿಸಿ ನೆಲದ ಮೇಲೆ ಹರಡಿಕೊಂಡು ಕೂತೆವು. ನನಗೆ ಭಾನುವಾರ ಮಾತ್ರ ಬಿಡುವು. ಕ್ಯಾಮೆರಾದವನಿಗೆ ಮುಹೂರ್ತ ಇಲ್ಲದ ಭಾನುವಾರ ಮಾತ್ರ ಬಿಡುವು. ಮದುವೆ ಇಲ್ಲದ್ದು ಯಾವಾಗ? ಧನುರ್ಮಾಸ ಮತ್ತು ಆಷಾಢ. ಧನುರ್ಮಾಸ ಅಂದರೆ ನಮ್ಮಲ್ಲಿ ಅಡಿಕೆ ಕೊಯ್ಲಿನ ಭರ. ಮನೆ ತುಂಬ ಜನ, ಒಲೆ ಮೇಲೆ ಹಂಡೆ, ಅಂಗಳ ಪೂರ್ತಿ ಅಡಿಕೆ. ಆಷಾಢ ಅಂದರೆ ಹೊರಗೆ ಕಾಲಿಡಲು ಆಗದ ಮಳೆ. ಯಕ್ಷಗಾನದವನಿಗೆ ದೀಪಾವಳಿ ಕಳೆದ ಮೇಲೆ ಆಟಗಳ ಕರೆ. ಎಲ್ಲರಿಗೂ ಒಟ್ಟಿಗೆ ಪುರುಸೊತ್ತು ಇರುವ ದಿನಗಳನ್ನು ಕೆಂಪು ಶಾಯಿಯಲ್ಲಿ ಸುತ್ತಿದೆ. ವರ್ಷಕ್ಕೆ 18 ದಿನ.

ಮೊದಲ ಭಾನುವಾರ, 2023ರ ನವೆಂಬರ್. ಬೆಳಿಗ್ಗೆಯಿಂದ ರಾತ್ರಿವರೆಗೆ ಅಡುಗೆಮನೆಯ ದೃಶ್ಯ ತೆಗೆದೆವು. ಮನೆಗೆ ಬಂದು ಲ್ಯಾಪ್‌ಟಾಪಿನಲ್ಲಿ ಹಾಕಿದರೆ ಪ್ರತಿ ಶಾಟಿನಲ್ಲೂ ಮೇಲಿಂದ ಕೆಳಗೆ ಕಪ್ಪು ಪಟ್ಟೆಗಳು ಉರುಳುತ್ತಿವೆ. ಮದುವೆ ಮನೆಯಲ್ಲಿ ಕ್ಯಾಮೆರಾದವನು ತನ್ನದೇ ಲೈಟು ಹಾಕುತ್ತಾನೆ, ಹಾಗಾಗಿ ಈ ಸಮಸ್ಯೆ ಅವನಿಗೆ ಬಂದಿರಲಿಲ್ಲ. ಇಲ್ಲಿ ಮನೆಯ ಎಲ್‌ಇಡಿ ಬಲ್ಬುಗಳ ಬೆಳಕಿನಲ್ಲೇ ತೆಗೆಯಬೇಕು ಅನ್ನುವುದು ನನ್ನ ಹಟ. ಕಾರಣ ಹುಡುಕಿದಾಗ ನಗು ಬಂತು. ಶಟರ್, ಅಂದರೆ ಒಂದೊಂದು ಫ್ರೇಮಿಗೆ ಬೆಳಕು ಬಿಡುವ ಹೊತ್ತನ್ನು, ಸೆಕೆಂಡಿನ 60ರಲ್ಲಿ ಒಂದು ಭಾಗಕ್ಕೆ ಇಟ್ಟಿದ್ದ, ಯಾವುದೋ ಅಮೆರಿಕದವನ ಪಾಠ ನೋಡಿ. ಅವರ ಕರೆಂಟು 60 ಹರ್ಟ್ಸ್. ನಮ್ಮದು 50. ನಮ್ಮ ಬಲ್ಬು ಮಿನುಗುವ ತಾಳಕ್ಕೂ ಕ್ಯಾಮೆರಾದ ತಾಳಕ್ಕೂ ಹೊಂದಾಣಿಕೆ ಇಲ್ಲ. ಸೆಕೆಂಡಿಗೆ 25 ಫ್ರೇಮು, ಸೆಕೆಂಡಿನ 50ರಲ್ಲಿ ಒಂದು ಭಾಗ ಶಟರ್ ಅಂತ ಬದಲಾಯಿಸಿದ ಮೇಲೆ ಪಟ್ಟೆ ಮಾಯ. ಮೊದಲ ದಿನದ ಅಷ್ಟೂ ಕೆಲಸ ಮಾತ್ರ ನೀರುಪಾಲು. ಊಟಕ್ಕೆ ಮಾಡಿದ್ದ ಹೋಳಿಗೆ ಅಷ್ಟೇ ಲಾಭ.

ಚಿತ್ರ ಕೆಟ್ಟರೆ ಜನ ಸಹಿಸುತ್ತಾರೆ, ಮಾತು ಕೇಳದಿದ್ದರೆ ಮುಂದೆ ಹೋಗುತ್ತಾರೆ. ಇದು ಗೊತ್ತಿತ್ತು. ಆದರೂ ಊರು ಎಷ್ಟು ಗದ್ದಲದ ಜಾಗ ಅಂತ ಗೊತ್ತಾದದ್ದು ಹೆಡ್‌ಫೋನ್ ಹಾಕಿಕೊಂಡಾಗಲೇ. ಬೆಂಗಳೂರಿನವರು ಇಲ್ಲಿಗೆ ಬಂದು ಆಹಾ ಎಂಥ ನಿಶ್ಶಬ್ದ ಅನ್ನುತ್ತಾರೆ. ಅವರಿಗೆ ಒಂದು ರೆಕಾರ್ಡರ್ ಕೊಡಬೇಕು. ನೀರಿನ ಪಂಪು, ನಾಯಿ, ದೂರದ ಮರ ಕೊಯ್ಯುವ ಮಷೀನು. ಮಾರ್ಚಿನಿಂದ ಮೇ ತನಕ ಸಂಜೆಯಾದರೆ ಜೀರುಂಡೆ. ಜೀರುಂಡೆ ಸದ್ದನ್ನು ಎಡಿಟಿಂಗ್‌ನಲ್ಲಿ ತೆಗೆಯಲು ಹೋದರೆ ಮಾತಿನ 'ಸ'ಕಾರ, 'ಶ'ಕಾರಗಳೂ ಅದರ ಜೊತೆಗೇ ಹೋಗುತ್ತವೆ. ಫ್ರಿಜ್ಜಿನ ಗುಂಯ್ ಅನ್ನುವ ಸದ್ದು ಬರುತ್ತದೆ ಅಂತ ಬಂದ್ ಮಾಡಿದೆವು, ಮತ್ತೆ ಹಾಕಲು ಮರೆತು ಮೂರು ಲೀಟರ್ ಹಾಲು ಒಡೆಯಿತು. ಅಮ್ಮ ಎರಡು ದಿನ ಮಾತಾಡಲಿಲ್ಲ. ಆಮೇಲಿಂದ ಫ್ರಿಜ್ ಬಂದ್ ಮಾಡಿದವನು ತನ್ನ ಬೈಕಿನ ಕೀಲಿಯನ್ನು ಅದರೊಳಗೇ ಇಡಬೇಕು ಅಂತ ನಿಯಮ ಮಾಡಿದೆವು. ಮನೆಗೆ ಹೊರಡುವಾಗ ತಾನಾಗಿ ನೆನಪಾಗುತ್ತದೆ.

ಪ್ರತಿ ಜಾಗದಲ್ಲೂ ಯಾರೂ ಮಾತಾಡದೆ ಒಂದು ನಿಮಿಷ ಬರೀ ಕೋಣೆಯ ಸದ್ದನ್ನು ರೆಕಾರ್ಡ್ ಮಾಡಿಕೊಳ್ಳಬೇಕು. ಎಡಿಟಿಂಗ್‌ನಲ್ಲಿ ಮಾತುಗಳ ನಡುವಿನ ಸಂದಿ ತುಂಬಲು ಬೇಕಾಗುತ್ತದೆ. ಮೊದಲ ಸಲ "ಎಲ್ಲರೂ ಒಂದು ನಿಮಿಷ ಸುಮ್ಮನೆ ನಿಂತ್ಕೊಳ್ಳಿ" ಅಂದೆ. ಹತ್ತು ಜನ ತಲೆ ತಗ್ಗಿಸಿ ನಿಂತರು. ಆಗ ಒಳಗೆ ಬಂದ ಪಕ್ಕದ ಮನೆ ಅಜ್ಜಿ ಬಾಗಿಲಲ್ಲೇ ನಿಂತು ಮೆಲ್ಲಗೆ, "ಯಾರು ತೀರ್ಕಂಡ್ರು ತಮ್ಮಾ?" ಅಂದರು. ಆ ಟ್ರ್ಯಾಕು ಈಗಲೂ ನನ್ನ ಹತ್ತಿರ ಇದೆ. ಕೊನೆಯ ಅರ್ಧ ನಿಮಿಷ ಪೂರ್ತಿ ನಗು.

ಜನವರಿಯ ಹೊತ್ತಿಗೆ ನಿಜವಾದ ಕಷ್ಟ ಎದುರಾಯಿತು. ಕಥೆಯ ಪ್ರಕಾರ ಐದೂ ರಾತ್ರಿಗಳು ಒಂದೇ ವಾರದವು. ನಾವು ತೆಗೆಯುತ್ತಿದ್ದದ್ದು ತಿಂಗಳಿಗೊಂದೆರಡು ಭಾನುವಾರ. ಮೊದಲ ಕಂತಿನ ಅಂಗಳ ಖಾಲಿ. ಎರಡನೆಯದಕ್ಕೆ ಬರುವಷ್ಟರಲ್ಲಿ ಅಡಿಕೆ ಒಣಗಿಸಲು ಅಂಗಳದ ತುಂಬ ಚಪ್ಪರ ಎದ್ದಿತ್ತು. ಒಂದು ಸಿನಿಮಾಕ್ಕೋಸ್ಕರ ಚಪ್ಪರ ಬಿಚ್ಚಿ ಅಂತ ಅಪ್ಪನಿಗೆ ಹೇಳುವ ಧೈರ್ಯ ಯಾರಿಗಿದೆ? ಕಂಡಕ್ಟರ್ ಪಾತ್ರದವನು ಸ್ತ್ರೀವೇಷ ಹಾಕಲು ಮೀಸೆ ಬೋಳಿಸಿಕೊಂಡು ಬಂದ. ಊಟ ಕೊಡುವ ಮನೆಗೆ, ಅಂದರೆ ನಮ್ಮ ಚಿಕ್ಕಪ್ಪನ ಮನೆಗೆ, ಮಗಳ ಮದುವೆ ಅಂತ ಸುಣ್ಣ ಬಣ್ಣ ಆಯಿತು. ಮಣ್ಣಿನ ಬಣ್ಣದ ಗೋಡೆ ಇದ್ದಲ್ಲಿ ಗಿಳಿ ಹಸಿರು. ನಾನು ತಲೆ ಮೇಲೆ ಕೈ ಹೊತ್ತು ಕೂತೆ. ಇದ್ದಬದ್ದ ಫೋಟೋಗಳನ್ನೆಲ್ಲ ಹರವಿಕೊಂಡು, ಯಾವ ಮೂಲೆಯಿಂದ ತೆಗೆದರೆ ಹಸಿರು ಕಾಣುವುದಿಲ್ಲ ಅಂತ ಹುಡುಕುತ್ತಾ ಎರಡು ಭಾನುವಾರ ಹಾಳು ಮಾಡಿದೆ.

ನಟಿಯೇ ಮತ್ತೆ ಕೈಹಿಡಿದಳು. "ಒಂದೇ ವಾರ ಅಂತ ಯಾರು ಹೇಳಿದ್ದು? ಒಂದು ವರ್ಷ ಮಾಡು."

ಅಷ್ಟೇ. ಐದು ರಾತ್ರಿಗಳು ಇಡೀ ವರ್ಷಕ್ಕೆ ಹರಡಿದವು. ದೀಪಾವಳಿ ಕಳೆದ ಮೇಲೆ ಒಂದು, ಕೊಯ್ಲಿನಲ್ಲಿ ಒಂದು, ಬೇಸಿಗೆಯ ಮದುವೆ ಕಾಲದಲ್ಲಿ ಒಂದು, ಆಷಾಢದಲ್ಲಿ ಒಂದು, ಚೌತಿಯಲ್ಲಿ ಒಂದು. ಚಪ್ಪರ ತಾನಾಗಿಯೇ ಕಥೆಯೊಳಗೆ ಬಂತು. ಹಸಿರು ಗೋಡೆ ನೋಡಿ ಡ್ರೈವರ್, "ಇದೇ ಮನೆಯಾ ಅಂತ ಹೊರಗೇ ನಿಂತಿದ್ದೆ" ಅನ್ನುತ್ತಾರೆ. ಮೀಸೆ ಇಲ್ಲದ ಕಂಡಕ್ಟರ್‌ಗೆ ಎರಡು ಸಾಲು ತಮಾಷೆ ಸಿಕ್ಕಿತು. ಅದಕ್ಕಿಂತ ಮುಖ್ಯ, ವಸ್ತಿ ನಿಲ್ಲಿಸುತ್ತಾರಂತೆ ಅನ್ನುವ ಸುದ್ದಿಗೆ ಈಗ ತೂಕ ಬಂತು. ಒಂದು ವಾರದ ಗಾಳಿಸುದ್ದಿ ಬೇರೆ, ಒಂದು ವರ್ಷ ನೆತ್ತಿ ಮೇಲೆ ತೂಗುವ ಸುದ್ದಿ ಬೇರೆ ಅಲ್ವಾ? ನಾನು ಸೀರೀಸ್ ಬರೆದದ್ದು ಅಂತ ಹೇಳಿಕೊಳ್ಳುವುದು ಈ ತಿದ್ದುಪಡಿಯ ನಂತರದ್ದನ್ನೇ. ಅದಕ್ಕೆ ಮೊದಲಿನದು ಬರೀ ಕಾಗದ.

ಬೇಸಿಗೆಯ ಕಂತಿಗೆ ನಿಜವಾದ ಬಸ್ಸಿನ ಬೆಳಕು ಬೇಕಿತ್ತು. 2024ರ ಮೇ 7ಕ್ಕೆ ನಮ್ಮಲ್ಲಿ ಲೋಕಸಭಾ ಚುನಾವಣೆ. ರಜೆ ಇದೆಯಲ್ಲ ಅಂತ ಹಿಂದಿನ ರಾತ್ರಿಗೆ ಎಲ್ಲರನ್ನೂ ಕರೆಸಿದೆ. ಬರುವ ದಾರಿಯ ಚೆಕ್‌ಪೋಸ್ಟಿನಲ್ಲಿ ಲೈಟಿನ ಡಬ್ಬಗಳನ್ನೆಲ್ಲ ಬಿಚ್ಚಿ ತೋರಿಸಿ ಬಂದರು. ಎಂಟೂವರೆಯಿಂದ ಹತ್ತೂವರೆವರೆಗೆ ತೋಟದಲ್ಲಿ ಟ್ರೈಪಾಡ್ ಇಟ್ಟುಕೊಂಡು ಸೊಳ್ಳೆ ಹೊಡೆಯುತ್ತಾ ಕೂತೆವು. ಬಸ್ಸು ಬರಲಿಲ್ಲ. ಚುನಾವಣೆ ಕೆಲಸಕ್ಕೆ ಬಸ್ಸುಗಳನ್ನು ತೆಗೆದುಕೊಂಡಿದ್ದಾರೆ ಅಂತ ನಮ್ಮ ನಿವೃತ್ತ ಡ್ರೈವರ್ ಹತ್ತೂ ನಲವತ್ತಕ್ಕೆ ಹೇಳಿದರು. ಮೊದಲೇ ಗೊತ್ತಿತ್ತಂತೆ. "ಮತ್ತೆ ಯಾಕೆ ಹೇಳಲಿಲ್ಲ ಮಾವ?" ಅಂದರೆ, "ನೀವು ಕೇಳ್ಲಿಲ್ಲಲ್ಲ" ಅಂದರು.

ಆಷಾಢದ ಕಂತು ನನಗೆ ಎಲ್ಲಕ್ಕಿಂತ ಇಷ್ಟ. 2023ರಲ್ಲಿ ಮಳೆ ಕೈಕೊಟ್ಟಿತ್ತು. 2024ರ ಜುಲೈ ಹಳೆ ಬಾಕಿಯನ್ನೂ ಸೇರಿಸಿ ಸುರಿಯಿತು. ಕಥೆಯಲ್ಲಿ ಮರ ಬಿದ್ದು ರಸ್ತೆ ಬಂದ್ ಆಗಿದೆ, ಕರೆಂಟಿಲ್ಲ, ಡ್ರೈವರ್ ಕಂಡಕ್ಟರ್ ಇಬ್ಬರೂ ಮನೆಯೊಳಗೇ ಉಳಿಯಬೇಕಾಗುತ್ತದೆ. ಹೊರಗೂ ಅದೇ ಸ್ಥಿತಿ. ತಗಡಿನ ಮಾಡಿನ ಮೇಲೆ ಮಳೆ ಬೀಳುವಾಗ ಪಕ್ಕದಲ್ಲಿ ಕೂತವರ ಮಾತೂ ಕೇಳುವುದಿಲ್ಲ. ಎಲ್ಲರೂ ಕಿರುಚಿಯೇ ಮಾತಾಡುತ್ತಾರೆ. ಒಂಬತ್ತು ತಿಂಗಳಿಂದ ಮೆಲ್ಲಗೆ ಮೆಲ್ಲಗೆ ಅನ್ನಿಸಿಕೊಂಡ ನಮ್ಮ ಯಕ್ಷಗಾನದವನಿಗೆ ಅವತ್ತು ಸ್ವಾತಂತ್ರ್ಯ ಸಿಕ್ಕಿತು. "ಮಜ್ಜಿಗೆ ಹುಳಿ ಇನ್ನೂ ಸ್ವಲ್ಪ ಹಾಕಿ" ಅನ್ನುವ ಮಾತನ್ನು ಭೀಮ ಗದೆ ಎತ್ತಿದ ಹಾಗೆ ಹೇಳಿದ. ಹಾಗೇ ಇಟ್ಟುಕೊಂಡಿದ್ದೇವೆ. ಆ ಕಂತಿನ ಅರ್ಧದಷ್ಟು ಮಾತನ್ನು ಆಮೇಲೆ ಕಪಾಟಿನ ಎದುರು ಕಂಬಳಿ ಹೊದ್ದು ಕೂತು ಮತ್ತೆ ಡಬ್ ಮಾಡಬೇಕಾಯಿತು. ಅವನ ಮಾತು ಮಾತ್ರ ಮಳೆಯನ್ನು ಸೀಳಿಕೊಂಡು ಮೈಕಿಗೆ ಬಂದಿತ್ತು.

ಎಡಿಟಿಂಗ್ ಬಗ್ಗೆ ಹೇಳಲು ಜಾಸ್ತಿ ಇಲ್ಲ. ನಾಲ್ಕು ತಿಂಗಳು ರಾತ್ರಿ ಕೂತು ಮಾಡಿದೆ, ಕಣ್ಣು ಉರಿಯಿತು. ಒಂದೇ ಒಂದು ಎಡವಟ್ಟು ಹೇಳಬೇಕು. ಅಡುಗೆಮನೆಯ ರೇಡಿಯೋದಲ್ಲಿ ಹಳೆಯ ಸಿನಿಮಾ ಹಾಡೊಂದು ಸಣ್ಣಗೆ ಕೇಳುತ್ತಿತ್ತು. ಮೊದಲ ಕಂತನ್ನು ಯಾರಿಗೂ ಕಾಣದ ಹಾಗೆ ಯೂಟ್ಯೂಬಿಗೆ ಹಾಕಿ ನೋಡಿದೆವು. ಸ್ವಲ್ಪ ಹೊತ್ತಿಗೇ ಹಾಡಿನ ಹಕ್ಕಿನ ದೂರು ಬಂತು. ಅಷ್ಟು ಸಣ್ಣಗಿದ್ದರೂ ಯೂಟ್ಯೂಬಿನ ಯಂತ್ರ ಹಿಡಿದಿತ್ತು. ಹಾಡು ತೆಗೆದು, ಅಲ್ಲಿ ನನ್ನ ದನಿಯಲ್ಲೇ ಅಡಿಕೆ ಧಾರಣೆ ಓದಿದೆ. ರಾಶಿ ಇಷ್ಟು, ಬೆಟ್ಟೆ ಇಷ್ಟು, ಗೊರಬಲು ಇಷ್ಟು, ಸರಕು ಇಷ್ಟು. ಕೇಳಿದವರೆಲ್ಲ ನಿಜವಾದ ರೇಡಿಯೋ ಅಂದುಕೊಂಡರು. ಕೊನೆಯ ಕಂತಿನಲ್ಲಿ ವಸ್ತಿ ನಿಲ್ಲುವ ಸುದ್ದಿ ಬರುವಾಗಲೂ ಹಿಂದೆ ಅದೇ ಧಾರಣೆ ಇದೆ. ಹಾಡು ಇದ್ದಿದ್ದರೆ ಅಲ್ಲಿ ಅಳು ಬರಿಸುತ್ತಿತ್ತೇನೋ. ಧಾರಣೆಗೆ ಅಳು ಬರುವುದಿಲ್ಲ, ಹೊಟ್ಟೆಯಲ್ಲಿ ಏನೋ ಒಂಥರಾ ಆಗುತ್ತದೆ. ನನಗೆ ಅದೇ ಸರಿ ಕಂಡಿತು.

ಒಟ್ಟು ಖರ್ಚು 1 ಲಕ್ಷ 40 ಸಾವಿರ. ಅರ್ಧಕ್ಕೆ ಹತ್ತಿರ ಊಟ ತಿಂಡಿಯದೇ. ಅಮ್ಮ, ಚಿಕ್ಕಮ್ಮ ಬೇಯಿಸಿದ್ದಕ್ಕೆ ಲೆಕ್ಕ ಹಾಕಿಲ್ಲ. ನಟರಿಗೆಲ್ಲ ಒಂದೊಂದು ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿಸಿಕೊಂಡಿದ್ದೆ, ಚಿಕ್ಕಪ್ಪನ ಹತ್ತಿರ ಮನೆ ಬಳಸಿದ್ದಕ್ಕೂ. "ಮನೆ ಬರೆಸಿಕೊಳ್ತೀಯನೋ?" ಅಂತ ಚಿಕ್ಕಪ್ಪ ಎರಡು ಸಲ ಓದಿಸಿಕೊಂಡು ಸಹಿ ಹಾಕಿದರು.

ಓಟಿಟಿಗೆ ಕೊಡಿ ಅಂತ ಎಲ್ಲರೂ ಹೇಳಿದರು. ಕೇಳಿ ನೋಡಿದೆವು. ಒಂದು ಕಡೆಯಿಂದ ಉತ್ತರವಿಲ್ಲ. ಇನ್ನೊಂದು ಕಡೆ ಒಬ್ಬರು, ಕನ್ನಡದಲ್ಲಿ ಸೀರೀಸ್ ಈಗ ತಗೊಳ್ತಾ ಇಲ್ಲ ಅಂತ ಎರಡು ಸಾಲಿನಲ್ಲಿ ಮುಗಿಸಿದರು. ನಮಗೆ ಅವಮಾನ ಆಗಲಿಲ್ಲ. ರಕ್ಷಿತ್ ಶೆಟ್ಟಿ ಅವರಂಥವರ ಸಂಸ್ಥೆಯೇ ಕರಾವಳಿಯ ಕಥೆಗಳ 'ಏಕಂ' ಸರಣಿಯನ್ನು 2024ರ ಜುಲೈನಲ್ಲಿ ತಮ್ಮದೇ ಜಾಲತಾಣದಲ್ಲಿ ಬಿಡುಗಡೆ ಮಾಡಬೇಕಾಯಿತು. ಅವರಿಗೇ ಹಾಗಾದರೆ ಚಿಕ್ಕಪ್ಪನ ಅಡುಗೆಮನೆಯಲ್ಲಿ ತೆಗೆದದ್ದಕ್ಕೆ ಯಾರು ಚಾಪೆ ಹಾಸುತ್ತಾರೆ?

2025ರ ಜನವರಿಯಲ್ಲಿ ಯೂಟ್ಯೂಬಿಗೇ ಹಾಕಿದೆವು, ಶುಕ್ರವಾರಕ್ಕೊಂದು ಕಂತು, ರಾತ್ರಿ ಎಂಟೂವರೆಗೆ. ಮೊದಲ ಕಂತಿಗೆ ಊರಿನವರು, ನೆಂಟರು, ನೆಂಟರ ಆಫೀಸಿನವರು. ಎರಡನೆಯದಕ್ಕೆ ಅರ್ಧಕ್ಕಿಂತ ಕಡಿಮೆ. ಕ್ಯಾಮೆರಾದವನು ಫೋನ್ ಎತ್ತುವುದನ್ನೇ ಬಿಟ್ಟ. ಮೂರನೆಯದು, ಅಜ್ಜಿಯ ದೋಸೆ, ಹೇಗೋ ಸಾರಿಗೆ ನೌಕರರ ವಾಟ್ಸ್ಆ್ಯಪ್ ಗುಂಪುಗಳಿಗೆ ಹೋಯಿತು. ಅಲ್ಲಿಂದ ಹಿಂದಿನ ಕಂತುಗಳಿಗೂ ಜನ ಬಂದರು. ಒಂದೊಂದು ಕಂತೂ ತನ್ನ ಕಾಲ ಮೇಲೆ ನಿಂತಿದ್ದಕ್ಕೇ ಅದು ಆದದ್ದು. ಮೂರನೆಯದರಿಂದ ಶುರು ಮಾಡಿದವರಿಗೂ ಏನೂ ತಪ್ಪಿಹೋಗಿರಲಿಲ್ಲ. ಜಾಹೀರಾತಿನ ದುಡ್ಡು ಬರಬೇಕಾದರೆ 1,000 ಚಂದಾದಾರರು, ಒಂದು ವರ್ಷದಲ್ಲಿ 4,000 ಗಂಟೆ ನೋಡಿಸಿಕೊಂಡಿರಬೇಕು. ಏಪ್ರಿಲ್‌ನಲ್ಲಿ ಎರಡೂ ದಾಟಿದೆವು. ಇಲ್ಲಿಯವರೆಗೆ ಬಂದ ದುಡ್ಡಿನಲ್ಲಿ ಆ ಒಡೆದ ಹಾಲಿನ ಬಾಕಿ ತೀರಿದೆ ಅನ್ನಬಹುದು.

ಅಜ್ಜಿ ಮೂರನೇ ಕಂತನ್ನು ಮೊಮ್ಮಗಳ ಫೋನಿನಲ್ಲಿ ನೋಡಿದರು. ಅವರ ಪಾತ್ರ ಮಾಡಿದವರು ಸಾಗರದ ಒಬ್ಬ ಹಿರಿಯ ರಂಗನಟಿ. "ಅವಳಿಗೆ ದೋಸೆ ತಿನ್ನಕ್ಕೇ ಬರಲ್ಲ, ಚಟ್ನಿ ಮುಟ್ಟಲೇ ಇಲ್ಲ" ಅಂದರು, ಬೇರೇನೂ ಹೇಳಲಿಲ್ಲ.

ಕಳೆದ ತಿಂಗಳು ರಾತ್ರಿ ಅಂಗಡಿಗೆ ಹೋದಾಗ ವಸ್ತಿ ಬಸ್ಸಿನ ಕಂಡಕ್ಟರ್ ಸಿಕ್ಕರು. ಹೊಸಬರು, ಈ ರೂಟಿಗೆ ಬಂದು ಎರಡೇ ವಾರ. ನನ್ನ ಮುಖ ನೋಡಿ, "ಸರ್, ಆ ಬಸ್ಸಿನ ಸೀರೀಸು ನಿಮ್ಮದೇನಾ?" ಅಂತ ಕೇಳಿದರು. ಹೌದು ಅಂದೆ. ಹತ್ತಿರ ಕರೆದು ಬೀಡಾ ಕೊಟ್ಟರು.

"ಎಲ್ಲಾ ಚೆನ್ನಾಗಿದೆ. ಆದ್ರೆ ನಿಮ್ಮ ಕಂಡಕ್ಟರು ಚಿಲ್ಲರೆ ಮೊದ್ಲು ಎಣಿಸ್ತಾರೆ, ಆಮೇಲೆ ನೋಟು. ನಾವ್ಯಾರೂ ಹಂಗೆ ಎಣಿಸಲ್ಲ."

ಮನೆಗೆ ಬಂದು ಎರಡನೇ ಸೀಸನ್ನಿನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಂಡೆ. ಮೊದಲು ನೋಟು, ಆಮೇಲೆ ಚಿಲ್ಲರೆ.